ಹತ್ತಿ ಮಂಡಿಯ ಬಡಗಣ ಕಿಟಕಿಗಳು

ಟ್ಯೂಬ್‌ಲೈಟಿನ ಕೆಳಗೆ ಎಲ್ಲ ನೀಲಿಯೂ ಒಂದೇ. ಮನೆಮನೆಯಲ್ಲೂ ಜೀನ್ಸ್ ಹೊಲಿಯುವ ರಾಯದುರ್ಗದಲ್ಲಿ ಇದು ಎಲ್ಲರಿಗೂ ಗೊತ್ತು. ಬಟ್ಟೆಯ ಥಾನಿನಿಂದ ಥಾನಿಗೆ ನೀಲಿ ಕೊಂಚ ಬೇರೆಯಾಗುತ್ತದೆ; ಅದಕ್ಕೇ ಒಂದು ಥಾನಿನಿಂದ ಕತ್ತರಿಸಿದ ಪ್ಯಾಂಟಿನ ಕಾಲುಗಳನ್ನು ಅದೇ ಥಾನಿನ ಪಟ್ಟಿಯಿಂದ ಕಟ್ಟಿಡುತ್ತಾರೆ. ಗಂಟು ಬಿಚ್ಚಿದರೆ ಬಣ್ಣ ಕಲೆತುಹೋದಂತೆಯೇ.

ಶಿವಲಕ್ಷ್ಮಿ ನೀರು ಹಿಡಿದು ಬರುವಷ್ಟರಲ್ಲಿ ಅತ್ತೆ ಅನಂತಮ್ಮ ಎಲ್ಲ ಗಂಟುಗಳನ್ನೂ ಬಿಚ್ಚಿದ್ದಳು. ಕಣ್ಣಿನ ಆಪರೇಷನ್ ಆದಮೇಲೆ ಮುದುಕಿಗೆ ಮನೆಯ ಕಸವೆಲ್ಲ ಕಾಣತೊಡಗಿತ್ತು. ಎಡಗಾಲುಗಳದ್ದೊಂದು ರಾಶಿ, ಬಲಗಾಲುಗಳದ್ದೊಂದು ರಾಶಿ, ಅಂಚಿಗೆ ಅಂಚು ಕೂಡಿಸಿ ಪೇರಿಸಿ, ಹೊಗಳಿಕೆಗೆ ಕಾದು ಕೂತಿದ್ದಳು.

ಬೈಯಲೂ ಹೊತ್ತಿರಲಿಲ್ಲ. ಕೆಲಸ ಕೊಡುವ ಲೋಕನಾಥ್ ಹೊಲಿಗೆಗೆ ಮುಂಚೆ ಜೋಡಿ ನೋಡಲು ಸಂಜೆ ಬರುವವನಿದ್ದ. ಕಾಲಿಗೊಂದು ಬಣ್ಣವಾದ ಒಂದೇ ಪ್ಯಾಂಟು ಕಂಡು ಅವನು ಪಕ್ಕದ ಮೈಲಾರಮ್ಮನ ಮನೆಗೆ ಬಟ್ಟೆ ಕಳಿಸುವುದನ್ನೇ ನಿಲ್ಲಿಸಿದ್ದ. ಅವಳ ಮಿಷನ್ನಿನ ಮೇಲೆ ಈಗ ಟಿವಿ ಕೂತಿದೆ. ಶಿವಲಕ್ಷ್ಮಿ ಕಾಲುಗಳನ್ನು ಬೀದಿಗೆ ತಂದು ನೋಡಿದಳು. ಬಿಸಿಲು ಇನ್ನೂ ದೊಡ್ಡ ಸುಳ್ಳುಗಾರ. ಎಲ್ಲವೂ ಬಿಳಿಚಿಕೊಂಡವು.

ಆಗ ಅನಂತಮ್ಮನೇ ಮೆಲ್ಲಗೆ ಹತ್ತಿ ಮಂಡಿಯ ಹೆಸರೆತ್ತಿದಳು.

ಹಿಂದೆ ಸಾಹುಕಾರರು ಹತ್ತಿಯ ಬಿಳುಪು ನೋಡಿ ದರ ಕಟ್ಟುತ್ತಿದ್ದ ಜಾಗ ಅದು. ನೇರ ಬಿಸಿಲು ಬೀಳದಂತೆ ಎತ್ತರದಲ್ಲಿ ಬಡಗಣ ಕಿಟಕಿಗಳು, ಕೆಳಗೆ ಉದ್ದಕ್ಕೂ ಕಲ್ಲಿನ ಕಟ್ಟೆ. ಅಲ್ಲಿ ದೀಪ ಹಚ್ಚಿ ಹತ್ತಿ ತೋರಿಸುವವನನ್ನು ಕಳ್ಳನೆಂದೇ ತಿಳಿಯುತ್ತಿದ್ದರು. ವ್ಯಾಪಾರ ನಿಂತಮೇಲೆ ಬಾವಲಿ ಸೇರಿದವು; ಕೆಡವಿ ಕಾಂಪ್ಲೆಕ್ಸ್ ಕಟ್ಟುವ ಮಾತು ಬಂತು; ಊರವರು ಅಡ್ಡ ನಿಂತರು. ಈಗ ರಿಪೇರಿಯಾಗಿ ಓದುವ ಮನೆಯಾಗಿದೆ.

ಅತ್ತೆ ಸೊಸೆ ಇಬ್ಬರೂ ತಲೆಮೇಲೆ ಮೂಟೆ ಹೊತ್ತು ಹೋದಾಗ ಅದನ್ನು ನೋಡಿಕೊಳ್ಳುವ ಈಶ್ವರಯ್ಯ ಬಾಗಿಲಿಗೆ ಅಡ್ಡ ಬಂದ. ಕೆಡವುವವರ ಎದುರು ಮೊದಲು ನಿಂತವನೂ ಅವನೇ.

"ಸರಕು ಒಳಗ ಬಿಡಂಗಿಲ್ಲಮ್ಮ. ಇವತ್ತು ನಿನ್ನ ಮೂಟಿ ಬಿಟ್ರ, ನಾಳೆ ಇದು ಊರ ಗೋಡೌನ್ ಆಗ್ತದ."

"ಇಡಾಕ ಬಂದಿಲ್ರಿ," ಅಂದಳು ಶಿವಲಕ್ಷ್ಮಿ. "ಬಣ್ಣ ನೋಡ್ಕೊಂಡು ಹೊತ್ಕೊಂಡು ಹೋಗ್ತೀನಿ."

ಅವನು ಕಿಟಕಿಯ ಕಡೆ ನೋಡಿದ. ಮತ್ತೆ ಮೂಟೆಯ ಕಡೆ ನೋಡಿದ. "ಯಾಕ ಕಲೆತವು?"

"ನನ್ನ ಕೇಳ್ರಿ," ಅಂದಳು ಅನಂತಮ್ಮ. "ಎಡದ್ದು ಎಡಕ್ಕ, ಬಲದ್ದು ಬಲಕ್ಕ ಇಟ್ಟೆ. ಚಪ್ಲಿ ಹಂಗ ಜೋಡಿ ಮಾಡಿ ಇಟ್ಟಿದ್ರ ಸರಿಹೋಗ್ತಿತ್ತಂತ, ಈಗ ಹೇಳ್ತಾಳ ಸೊಸಿ."

ಈಶ್ವರಯ್ಯ ನಗಲಿಲ್ಲ, ಆದರೆ ಕಟ್ಟೆಯ ಮೇಲಿನ ಪೇಪರುಗಳನ್ನು ತಾನೇ ಮಡಚಿ ಜಾಗ ಮಾಡಿಕೊಟ್ಟ.

ಕಲ್ಲಿನ ಮೇಲೆ ಹಾಸಿದ್ದೇ ತಡ, ನೀಲಿಗಳು ಬೇರೆಬೇರೆಯಾಗಿ ಎದ್ದು ನಿಂತವು. ಒಂದರಲ್ಲಿ ಹಸಿರಿನ ಛಾಯೆ, ಒಂದರಲ್ಲಿ ಬೂದಿ, ಒಂದು ಮಾಗಿದ ನೇರಳೆ. ಪೊಲೀಸ್ ಪರೀಕ್ಷೆಗೆ ಓದುತ್ತಿದ್ದ ಗಂಗೋತ್ರಿಯೂ ಹೊಲಿಯುವ ಮನೆಯ ಮಗಳೇ. ಪುಸ್ತಕ ಬೋರಲು ಹಾಕಿ ಬಂದು, ಏನೂ ಕೇಳದೆ ಜೋಡಿ ಹುಡುಕತೊಡಗಿದಳು. ಅನಂತಮ್ಮ ಪಟ್ಟಿ ಕಟ್ಟುತ್ತಾ ಹೋದಳು, ಈ ಸಲ ಜನ್ಮದಲ್ಲಿ ಬಿಚ್ಚಬಾರದೆಂಬಂತೆ ಬಿಗಿಯಾಗಿ.

ಮನೆಗೆ ಬೀಗ ಕಂಡು ವಿಚಾರಿಸಿಕೊಂಡು ಲೋಕನಾಥ್ ಅಲ್ಲಿಗೇ ಬಂದ. ಶಿವಲಕ್ಷ್ಮಿ ಕಟ್ಟಿದ ಗಂಟುಗಳನ್ನು ಅವನ ಮುಂದೆ ಸರಿಸಿದಳು. ಅವನು ಗಂಟಿನಿಂದ ಒಂದು ಜೋಡಿ ಎಳೆದು ಕಿಟಕಿಗೆ ಹಿಡಿದ, ಇನ್ನೊಂದು ಎಳೆದ, ಮತ್ತೊಂದು. ಬೇಕೆಂದೇ ನಿಧಾನವಾಗಿ ತಪ್ಪು ಹುಡುಕಿದ.

"ಶೇಡ್ ಸರಿ ಐತಿ," ಅಂದ ಕೊನೆಗೆ. "ಸೋಮವಾರ ಹೊಸ ಥಾನು ಬರ್ತದ, ಕಳಿಸ್ತೀನಿ."

ಅವನು ಹೋದಮೇಲೆ ಶಿವಲಕ್ಷ್ಮಿ ಕಟ್ಟೆಯ ಮೇಲೆ ಕೂತುಬಿಟ್ಟಳು. ಬೆಳಗಿನಿಂದ ಏನೂ ತಿಂದಿಲ್ಲವೆಂದು ಆಗ ಹೊಟ್ಟೆ ಹೇಳಿತು. ಸುತ್ತ ಜನ ಓದುತ್ತಲೇ ಇದ್ದರು. ತಣ್ಣನೆಯ ಕಲ್ಲು ಹಿತವಾಗಿತ್ತು. ಅವಳು ಏಳಲಿಲ್ಲ, ಯಾರೂ ಏಳೆನ್ನಲೂ ಇಲ್ಲ.