ಏಳು ಗಂಟೆಯ ಬಡಿಗ

ಮೆಹದಿಪಟ್ಟಣಂ ಬಸ್ ನಿಲ್ದಾಣದ ಹಿಂದಿನ ಆ ಓಣಿಯಲ್ಲಿ ಸಂಜೆ ಏಳಾಯಿತೆಂದರೆ ಯಾರ ಮನೆಯ ಬಾಗಿಲು ಬಡಿದರೂ ಪ್ರಯೋಜನವಿರಲಿಲ್ಲ. ಓಣಿಯ ತುಂಬ ಬಡಿಗರು. ಸಿಂದಗಿ, ಶಹಾಪುರ, ಆಳಂದದ ಕಡೆಯಿಂದ ಬಂದವರು. ಹೈಟೆಕ್ ಸಿಟಿಯ ಕಡೆ ಕಂಪನಿಯ ಮೇಲೆ ಕಂಪನಿ ಏಳುತ್ತಿದ್ದ ಕಾಲ ಅದು. ಒಳಗೆ ಪ್ಲೈವುಡ್ಡಿನ ಗೂಡು ಕಟ್ಟಿಕೊಟ್ಟರೆ ಹುಡುಗರು ಬಂದು ಕಂಪ್ಯೂಟರ್ ಮುಂದೆ ಕೂರುತ್ತಿದ್ದರು. ದಿನವಿಡೀ ಗೂಡು ಕಟ್ಟಿ ಬಂದ ಬಡಿಗರು ಸಂಜೆ ಮನೆಯಲ್ಲಿ ಕಾಲು ಚಾಚಿ ಏನು ನೋಡುತ್ತಿದ್ದರು ಗೊತ್ತೇ? ಮರಗೆಲಸವನ್ನೇ. ಮಿಠಾಯಿ ಅಂಗಡಿಯವನು ಮನೆಗೆ ಬಂದು ಸಕ್ಕರೆ ಮುಕ್ಕಿದ ಹಾಗೆ.

ಅದೊಂದು ಪರದೇಶದ ಚಾನೆಲ್ಲು. ಏಳಕ್ಕೆ ಸರಿಯಾಗಿ ಬಿಳಿ ಗಡ್ಡದ ಮುದುಕನೊಬ್ಬ ತನ್ನ ಕೊಟ್ಟಿಗೆಯಂಥ ಕೋಣೆಯಲ್ಲಿ ಹಲಗೆ ಎತ್ತಿಕೊಂಡು ನಗುತ್ತಿದ್ದ. ಮೊಳೆ ಮುಟ್ಟುವವನಲ್ಲ, ಯಂತ್ರ ಹಚ್ಚುವವನಲ್ಲ. ಒಂದು ಮರಕ್ಕೆ ತೂತು, ಇನ್ನೊಂದಕ್ಕೆ ಅದರೊಳಗೆ ಹೋಗಿ ಕೂರುವ ನಾಲಿಗೆ, ಎರಡನ್ನೂ ಉಳಿಯಲ್ಲೇ ಕೊರೆದು ಕೂಡಿಸಿಬಿಡುತ್ತಿದ್ದ. ಅವನ ಇಂಗ್ಲಿಷು ಓಣಿಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಕೈ ಕಾಣುತ್ತಿರುವಾಗ ಬಾಯಿ ಯಾರಿಗೆ ಬೇಕು? ಕಾರ್ಯಕ್ರಮಕ್ಕೆ ಏನೋ ಉದ್ದನೆಯ ಹೆಸರಿತ್ತು, ಓಣಿಯವರು 'ಏಳು ಗಂಟೆಯ ಬಡಿಗ' ಎಂದೇ ಕರೆಯುತ್ತಿದ್ದರು.

ಎಲ್ಲರಿಗಿಂತ ಹೆಚ್ಚು ಕಣ್ಣು ಕೀಲಿಸಿ ನೋಡುತ್ತಿದ್ದವಳು ಸುವರ್ಣಾ. ಅವಳ ಗಂಡ ಭೀಮಾಶಂಕರ ಬೇಗಂಪೇಟೆಯ ಕಡೆ ಆಫೀಸುಗಳ ಕೆಲಸಕ್ಕೆ ಹೋಗುತ್ತಿದ್ದ. ಮಾವ ಗೊಲ್ಲಾಳಪ್ಪ ಮನೆಯ ಮುಂದಿನ ತಗಡಿನ ಶೆಡ್ಡಿನಲ್ಲಿ ಬಾಗಿಲು, ಮಂಚ ಮಾಡಿಕೊಂಡಿದ್ದ. ಓಣಿಯ ಬಡಿಗರಿಗೆಲ್ಲ ಹಿರಿಯ, ಮೂಗಿನ ತುದಿಯಲ್ಲೇ ಕೋಪ. ಹೆಣ್ಣುಮಕ್ಕಳು ಉಳಿ ಮುಟ್ಟಬಾರದು, ಕೆಲಸದ ಹಲಗೆಯ ಮೇಲೆ ಕೂರಬಾರದು ಎನ್ನುವುದು ಅವನ ಮನೆತನದ ಕಟ್ಟಳೆ. ಸುವರ್ಣಾ ಬಡಿಗರ ಮನೆಯಲ್ಲೇ ಹುಟ್ಟಿ, ಬಡಿಗರ ಮನೆಗೇ ಸೊಸೆಯಾಗಿ ಬಂದವಳು. ಮರದ ವಾಸನೆಯಲ್ಲಿ ಬೆಳೆದವಳಿಗೆ ಯಾರೂ ಒಂದು ದಿನವೂ ಕಲಿಸಲಿಲ್ಲ. ಕಲಿಸಿದವನು ಟಿವಿಯ ಮುದುಕನೊಬ್ಬನೇ.

ಹಳೆಯ ಅರದಿಂದ ಭೀಮಾಶಂಕರ ಅವಳಿಗೊಂದು ಉಳಿ ಮಾಡಿಕೊಟ್ಟಿದ್ದ. ಹಿತ್ತಲಲ್ಲಿ, ಬಚ್ಚಲಿನ ಪಕ್ಕ, ಶೆಡ್ಡಿನಲ್ಲಿ ಬಿದ್ದ ತುಂಡುಗಳನ್ನು ಆಯ್ದುಕೊಂಡು ಅವಳ ಕೆಲಸ. ಮೊದಲು ಮಣೆ, ಆಮೇಲೆ ಸ್ಟೂಲು. ಗೊಲ್ಲಾಳಪ್ಪ ಕಂಡೂ ಕಾಣದವನಂತೆ ಇದ್ದ. ಬೈಯಲಿಲ್ಲ, ಭೇಷ್ ಎನ್ನಲೂ ಇಲ್ಲ. ಹಿತ್ತಲಿಗೆ ಹೋಗಬೇಕಾದರೆ ಕೆಮ್ಮಿಕೊಂಡು ಹೋಗುತ್ತಿದ್ದ, ಅಷ್ಟೇ.

ಈಗ ಟಿವಿಯ ಮುದುಕ ಕುರ್ಚಿ ಶುರು ಮಾಡಿದ್ದ. ತೋಳಿರುವ, ಬೆನ್ನು ಬಾಗಿದ ಕುರ್ಚಿ. ದಿನಕ್ಕಿಷ್ಟು ತೋರಿಸುತ್ತಿದ್ದ. ಸುವರ್ಣಾ ಅವನ ಹಿಂದೆಯೇ ಹೆಜ್ಜೆ ಹಾಕುತ್ತಿದ್ದಳು. ಕಾಲು ಆಗಿದ್ದವು, ಕೂರುವ ಹಲಗೆ ಆಗಿತ್ತು. ಬಾಗಿದ ಬೆನ್ನಿಗೆ ತೋಳು ಕೂಡಿಸುವ ಜೋಡಣೆ ಮಾತ್ರ ಇನ್ನೂ ಬಂದಿರಲಿಲ್ಲ.

ಅಷ್ಟರಲ್ಲಿ ಕೇಬಲ್ಲಿನ ಸೀತಾರಾಮ ಬಂದು ಬೆಂಕಿ ಹಚ್ಚಿದ. ತಿಂಗಳ ವಸೂಲಿಗೆ ಬಂದವನು, ಹೋಗುತ್ತ ಹೋಗುತ್ತ, ಆ ಚಾನೆಲ್ ತೆಗೆಯುತ್ತೇನೆ ಎಂದ. ಅವನ ಡಬ್ಬಿಯಲ್ಲಿ ಜಾಗವಿರುವುದೇ ಇಷ್ಟು, ಕಂಪ್ಯೂಟರ್ ಪಾಠದ ಹೊಸ ಚಾನೆಲ್ಲು ಹಾಕಬೇಕಂತೆ. ಅವನ ತಾಯಿ ಜಹೀರಾಬಾದಿನವಳು, ಹಾಗಾಗಿ ಕನ್ನಡ ಬರುತ್ತಿತ್ತು, ತೆಲುಗು ಹಿಂದಿಯ ಒಗ್ಗರಣೆಯೊಂದಿಗೆ.

"ಅದನ್ನ ತೆಗಿಬ್ಯಾಡ್ರಿ ಅಣ್ಣಾ. ಓಣಿ ಓಣೀನ ನೋಡತೈತಿ," ಎಂದಳು ಸುವರ್ಣಾ.

"ಕಟ್ಟಿಗಿ ಕೆತ್ತೋದು ಯಾರು ನೋಡ್ತಾರಮ್ಮಾ? ಜಮಾನಾ ಪೂರಾ ಕಂಪ್ಯೂಟರ್‌ದು."

"ಕಂಪ್ಯೂಟರ್ ಇಡಾಕ ಟೇಬಲ್ ಬೇಕಲ್ರಿ. ಅದನ್ನ ಮಾಡಾವ್ರು ನೋಡತಾರ."

ಸೀತಾರಾಮ ನಕ್ಕ. ಕೆಟ್ಟವನಲ್ಲ, ಲೆಕ್ಕದ ಮನುಷ್ಯ. "ನೋಡಮ್ಮಾ, ನನ್ ಪದ್ಧತಿ ಸೀದಾ ಐತಿ. ಒಂದಿನ ಚಾನೆಲ್ ಬಂದ್ ಮಾಡ್ತೀನಿ. ಜನ ಜಗಳಕ್ಕ ಬಂದ್ರೆ ಇಡ್ತೀನಿ. ಬರಲಿಲ್ಲಾ, ಖತಂ. ಕ್ರಿಕೆಟ್ ಒಂದ್ ಸಲ ಹೋಗಿತ್ತು, ನನ್ ಆಫೀಸಿನ ಗಾಜು ಉಳೀಲಿಲ್ಲ."

"ಯಾವ ದಿನ ಬಂದ್ ಮಾಡತೀರಿ?"

"ಅದ್ ಹೇಳಿದ್ರೆ ನೀ ಬಾರಾತ್ ಕಟ್ಕೊಂಡು ಬರ್ತಿ. ಈ ತಿಂಗಳೊಳಗ ಯಾವ್ದೋ ಒಂದಿನ. ಚೂಸ್ತಾಂ, ನೋಡೋಣು."

ಅಂದೇ ಸುವರ್ಣಾ ಸೆರಗು ಬಿಗಿದಳು. ಓಣಿಯ ಮನೆಮನೆಗೂ ಹೋದಳು. ಗಂಡಸರು ಕೆಲಸದಿಂದ ಬರುವ ಹೊತ್ತಿಗೆ ಹೋದಳು, ಹೆಂಗಸರು ನೀರು ಹಿಡಿಯುವಲ್ಲಿಗೆ ಹೋದಳು. ಏಳಕ್ಕೆ ಟಿವಿ ಹಚ್ಚಿರಿ, ಚಿತ್ರ ಹೋದರೆ ಊಟ ಬಿಟ್ಟು ಎದ್ದು ಸೀತಾರಾಮನ ಬಾಗಿಲಿಗೆ ಬನ್ನಿರಿ ಎಂದು ಎಲ್ಲರಿಂದಲೂ ಮಾತು ತೆಗೆದುಕೊಂಡಳು. ಓಣಿಯಲ್ಲಿ ಮಲ್ಲಣ್ಣನೆಂಬ ಬಡಿಗನಿದ್ದ, ಬಾಯಿ ಜೋರು. "ಗೊಲ್ಲಾಳಪ್ಪನ ಸೊಸಿಗೆ ಯಾಕರ ಇದರ ಉಸಾಬರಿ?" ಎಂದು ಮೂಗು ಮುರಿದ. ಮುರಿದರೂ ಬರುತ್ತೇನೆಂದ. ಅವನಿಗೂ ಕುರ್ಚಿಯ ತೋಳು ನೋಡಬೇಕಿತ್ತು.

ಓಣಿಯ ಬಾಯಲ್ಲಿರುವ ಅಪಾರ್ಟ್‌ಮೆಂಟಿನಲ್ಲಿ ನಳಿನಿ ಎಂಬ ಹುಡುಗಿಯಿದ್ದಳು. ಉಡುಪಿಯ ಕಡೆಯವಳು, ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಪುಸ್ತಕದ ಕಪಾಟು ಮಾಡಿಸಲು ಬಂದಾಗ ಪರಿಚಯ. ಅವಳೂ ಊಟದ ತಟ್ಟೆ ಹಿಡಿದುಕೊಂಡು ಮುದುಕನನ್ನು ನೋಡುವವಳೇ. "ನಾವು ಬರೆದದ್ದು ಮುಗಿಯುವುದೇ ಇಲ್ಲ ಮಾರಾಯ್ತಿ, ನಾಳೆ ಪುನಃ ತಿದ್ದಬೇಕು. ಅವರದ್ದು ನೋಡು, ಮಾಡಿದರೆ ಒಂದು ಕುರ್ಚಿ ಆಗ್ತದೆ," ಎಂದಿದ್ದಳು. ಚಾನೆಲ್ ಹೋದರೆ ಫೋನು ಮಾಡುವುದು ತನ್ನ ಜವಾಬ್ದಾರಿ ಎಂದಳು.

ದಿನಗಳು ಉರುಳಿದವು. ಏಳಾಯಿತೆಂದರೆ ಓಣಿಗೆ ಓಣಿಯೇ ಕಚ್ಚೆ ಕಟ್ಟಿ ಕೂರುತ್ತಿತ್ತು. ಚಿತ್ರ ಹೋಗಲಿಲ್ಲ. ಮುದುಕ ನಿರಾತಂಕವಾಗಿ ಕುರ್ಚಿಯ ಬೆನ್ನಿನ ಕಡ್ಡಿಗಳನ್ನು ಹೆರೆಯುತ್ತಿದ್ದ.

ನಡುವೆ ಅಮಾವಾಸ್ಯೆ ಬಂತು. ಬಡಿಗರಿಗೆ ಅಮಾವಾಸ್ಯೆಯೆಂದರೆ ಕೈ ಕಟ್ಟಿದ ದಿನ. ಉಳಿ, ಬಾಚಿ, ಗರಗಸಗಳನ್ನು ತೊಳೆದು ಸಾಲಾಗಿ ಇಟ್ಟು ಕುಂಕುಮ ಹಚ್ಚಿ ಕಾಯಿ ಒಡೆಯುತ್ತಾರೆ. ಅಂದು ಮರದ ಮೇಲೆ ಉಳಿ ಇಡುವಂತಿಲ್ಲ, ಇಡುವುದನ್ನು ಕಣ್ಣಿಂದ ನೋಡುವಂತೆಯೂ ಇಲ್ಲ. ಟಿವಿ ಬಂದ ಮೇಲೆ ಗೊಲ್ಲಾಳಪ್ಪನೇ ತೀರ್ಪು ಕೊಟ್ಟಿದ್ದ: "ಡಬ್ಬಿ ಒಳಗಿಂದಾದ್ರೂ ಉಳಿ ಉಳೀನ. ಅಮಾಸಿ ದಿನ ನೋಡಂಗಿಲ್ಲ." ಓಣಿ ತಲೆಯಾಡಿಸಿತ್ತು. ಆ ಸಂಜೆ ಸುವರ್ಣಾ ಹಿತ್ತಲಲ್ಲಿ ತನ್ನ ಒಂದೇ ಒಂದು ಉಳಿಯನ್ನು ತೊಳೆದು, ಯಾರಿಗೂ ಕಾಣದಂತೆ ಬೊಟ್ಟು ಕುಂಕುಮ ಇಟ್ಟಳು. ಟಿವಿಯ ಮೇಲೆ ಬಟ್ಟೆ ಹೊದಿಸಿ ಅಡುಗೆಗೆ ಹೋದಳು.

ಮರುದಿನ ಸಂಜೆ ಕೆಲಸದಿಂದ ಬಂದ ನಳಿನಿ ಸೀದಾ ಅವಳ ಮನೆಗೆ ಬಂದಳು, ಮುಖ ಕೆಂಪಗಿತ್ತು.

"ನಿನ್ನೆ ಏಳಕ್ಕೆ ಚಾನೆಲ್ ಹೋಗಿತ್ತು. ನಾನು ಫೋನ್ ಮಾಡಿದೆ. ನಿಮ್ಮ ಓಣಿಯಿಂದ ಒಂದು ನರಪಿಳ್ಳೆಯೂ ಬರಲಿಲ್ಲವಂತೆ. ನಾನೊಬ್ಬಳೇ ಅಂತೆ. ನಾಳೆಯಿಂದ ತೆಗೆಯುತ್ತಾನಂತೆ. ಎಲ್ಲಿ ಹೋಗಿದ್ದಿರಿ ನೀವೆಲ್ಲ?"

ಅಮಾವಾಸ್ಯೆಯ ಮಾತನ್ನು ಸೀತಾರಾಮನಿಗೆ ಹೇಳಬೇಕೆಂದು ಸುವರ್ಣಾಳಿಗೆ ತೋಚಿರಲೇ ಇಲ್ಲ. ಸೂರ್ಯ ಮೂಡಣದಲ್ಲಿ ಹುಟ್ಟುತ್ತಾನೆಂದು ಯಾರಾದರೂ ಯಾರಿಗಾದರೂ ಹೇಳುತ್ತಾರೆಯೇ? ಇಷ್ಟು ಮನೆ ಅಲೆದು, ಇಷ್ಟು ಮಾತು ತೆಗೆದುಕೊಂಡು, ಕೊನೆಗೆ ತಾನೇ ಬಟ್ಟೆ ಹೊದಿಸಿ ಬಂದಿದ್ದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬಂತಾಯಿತು. ಹಿತ್ತಲಲ್ಲಿ ತೋಳಿಲ್ಲದ ಕುರ್ಚಿ ನಿಂತಿತ್ತು. ಅದೊಂದೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಕುರ್ಚಿಯ ನಂತರ ಕಪಾಟು, ಕಪಾಟಿನ ನಂತರ ತೊಟ್ಟಿಲು ಎಂದು ಮುದುಕ ಚಿತ್ರ ತೋರಿಸಿದ್ದ. ಈ ಜನ್ಮದಲ್ಲಿ ಅವಳಿಗೆ ಮತ್ತೊಬ್ಬ ಗುರು ಸಿಗುವುದಿಲ್ಲ ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಳು ಬಂತು. ಅಳುತ್ತ ಕೂತರೆ ಚಾನೆಲ್ ಬರುವುದಿಲ್ಲವೆಂದು ಕಣ್ಣೊರೆಸಿಕೊಂಡು ಚಪ್ಪಲಿ ಮೆಟ್ಟಿದಳು.

ಓಣಿಯಲ್ಲಿ ನಡೆಯುತ್ತ ಕೂಗಿ ಕರೆದಳು. ಒಬ್ಬೊಬ್ಬರೇ ಹೊರಬಂದರು. ಭೀಮಾಶಂಕರ ಆಗಷ್ಟೇ ಬಸ್ಸಿಳಿದು ಬಂದವನು ಬ್ಯಾಗಿನ ಸಮೇತ ಜೊತೆಗೂಡಿದ. ಮಲ್ಲಣ್ಣ ಬಂದ. ಶೆಡ್ಡಿನ ಮುಂದೆ ಕೂತಿದ್ದ ಗೊಲ್ಲಾಳಪ್ಪನನ್ನು ಅವಳು ಕರೆಯಲಿಲ್ಲ, ಧೈರ್ಯ ಸಾಲಲಿಲ್ಲ. ಸೀತಾರಾಮನ ಆಫೀಸು ಮುಟ್ಟಿ ತಿರುಗಿ ನೋಡಿದರೆ ಮಾವ ಟವೆಲು ಹೆಗಲಿಗೆ ಹಾಕಿಕೊಂಡು ಎಲ್ಲರ ಹಿಂದೆ ನಿಂತಿದ್ದ.

"ಈಗ ಬಂದ್ರೆ ಏನುಪಯೋಗ?" ಎಂದ ಸೀತಾರಾಮ. "ನಿನ್ನೆ ಬಂದ್ ಮಾಡಿದ್ದೆ. ನೀ ಹೇಳಿದ ಬಡಿಗೇರೆಲ್ಲಾ ಎಲ್ಲಿದ್ರು? ಅವರ್ ಬಿಡು, ನೀ ಎಲ್ಲಿದ್ದಿ? ನೀನೂ ನೋಡ್ಲಿಲ್ಲ."

"ನಿನ್ನಿ ಅಮಾಸಿ ಇತ್ತರಿ," ಎಂದಳು ಸುವರ್ಣಾ. "ಅಮಾಸಿ ದಿನ ನಾವು ಬಡಿಗೇರು ಉಳಿ ನೋಡಂಗಿಲ್ಲ."

ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ಅವಳಿಗೆ ಹೊಳೆಯಿತು. ಮಲ್ಲಣ್ಣ ಆಗಲೇ ನಕ್ಕಿದ್ದ. "ನಾವು ಬಡಿಗೇರು ಅಂತಾಳಪ್ಪೋ. ನಮಗ ಗೊತ್ತ ಇರಲಿಲ್ಲ."

ಸೀತಾರಾಮನಿಗೆ ನಂಬಿಕೆ ಬರಲಿಲ್ಲ. ಸಿಕ್ಕಿಬಿದ್ದವಳು ಕಥೆ ಕಟ್ಟುತ್ತಿದ್ದಾಳೆಂದೇ ಅವನ ಎಣಿಕೆ. ಜನರ ತಲೆಗಳ ಮೇಲಿಂದ ಗೊಲ್ಲಾಳಪ್ಪನನ್ನು ನೋಡಿದ. "ಪೆದ್ದಾಯನಾ, ನೀವೇ ಹೇಳ್ರಿ. ನಿಮ್ ಸೊಸಿ ಬಡಿಗ ಏನು? ಅಮಾಸಿ ಅಂತ ಟಿವಿ ನೋಡಂಗಿಲ್ಲ ಅಂದ್ರೆ ನಾ ನಂಬಬೇಕಾ?"

ಎಲ್ಲರೂ ತಿರುಗಿದರು. ಗೊಲ್ಲಾಳಪ್ಪ 'ಅಲ್ಲ' ಎಂದರೆ ಸುವರ್ಣಾ ಸುಳ್ಳಿ, ಚಾನೆಲ್ಲಿಗೆ ಎಳ್ಳುನೀರು. ಅವನು ಟವೆಲಿನಿಂದ ಬಾಯಿ ಒರೆಸಿಕೊಂಡ. ಕೆಮ್ಮಿದ. ನೆಲ ನೋಡಿದ.

"ಆಕಿ ಟಿವಿ ಮ್ಯಾಲ ಅರಿವಿ ಹೊಚ್ಚಿ ಒಳಗ ಹೋದ್ಲು," ಎಂದ ಕೊನೆಗೆ. "ನಾ ಅರಿವಿ ತಗದೆ."

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ.

"ಕುರ್ಚಿ ತೋಳು ನಿನ್ನಿ ಕೂಡಸ್ತಾನ ಅನಿಸಿತ್ತು ನನಗ. ತಡಕೊಳ್ಳಾಕ ಆಗಲಿಲ್ಲ. ಆವಾಜ್ ಸಣ್ಣ ಮಾಡಿ ಹಚ್ಚಿದೆ. ಬರೇ ಚುಕ್ಕಿ ಚುಕ್ಕಿ. ಅಮಾಸಿ ಮುರದೀನಿ, ದೇವರು ಕಣ್ಣಿಗೆ ಮಣ್ಣ ಹಾಕ್ಯಾನ ಅಂತ ಅಂಜಿ ಆರಿಸಿಬಿಟ್ಟೆ. ನಿನ್ನ ಕಡೆ ಜಗಳಕ್ಕ ಹ್ಯಾಂಗ ಬರಲಿ? ಬಂದ್ರ ನೋಡಿದ್ದು ಹೇಳಬೇಕಲ್ಲ." ಉಸಿರು ಎಳೆದುಕೊಂಡ. "ಕಟ್ಟಳಿ ಮಾಡಿದಾವ ನಾನು. ಮುರದಾವನೂ ನಾನ. ಪಾಳಿಸಿದಾಕಿ ಆಕಿ. ನಮ್ಮ ಮನ್ಯಾಗ ಬಡಿಗ ಯಾರಂತ ನೀನ ಹೇಳು."

ಸುವರ್ಣಾ ತಲೆ ಎತ್ತಲಿಲ್ಲ. ಎತ್ತಿದರೆ ಅಳು ಬರುತ್ತಿತ್ತು.

ಓಣಿಯ ಹಿರಿಯನ ಬಾಯಿಂದ ಇಂಥ ಮಾತು ಬಿದ್ದ ಮೇಲೆ ಗಂಡಸರೆಲ್ಲ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಆಮೇಲೆ ಮಲ್ಲಣ್ಣ ಗಂಟಲು ಸರಿಮಾಡಿಕೊಂಡ. ಅವನ ನಗು ಎಲ್ಲಿಗೋ ಓಡಿಹೋಗಿತ್ತು.

"ನಮ್ಮ ಟಿವಿನೂ ಚುಕ್ಕಿ ಚುಕ್ಕಿನ ಇತ್ತರಿ ಕಾಕಾ," ಎಂದ ಮೆಲ್ಲಗೆ. "ನಾ ಡಬ್ಬಿ ಕೆಟ್ಟೈತಿ ಅನ್ಕೊಂಡೆ."

"ನಂದೂ," ಎಂದ ಅವನ ಹಿಂದಿನವನು.

"ನಮ್ಮನ್ಯಾಗ ನಾ ನೋಡಿಲ್ಲ, ನಮ್ಮಪ್ಪ ನೋಡ್ಯಾನ," ಎಂದ ಮತ್ತೊಬ್ಬ. ಅವನ ಅಪ್ಪ ಅಲ್ಲೇ ಇದ್ದ, ಬೆನ್ನಿಗೆ ಗುದ್ದಿದ. ಭೀಮಾಶಂಕರನೂ ಏನೋ ಹೇಳಲು ಬಾಯಿ ತೆರೆದು, ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡ. ಅಮಾವಾಸ್ಯೆಯಂದು ಬೇಗಂಪೇಟೆಯ ಚಹಾದಂಗಡಿಗೆ ಹೋಗಿ ಕದ್ದು ಟಿವಿ ನೋಡಿದ ಕಥೆ ಅವನು ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. ಅಂತೂ ಓಣಿಯ ಅರ್ಧಕ್ಕರ್ಧ ಗಂಡಸರು ಅಮಾವಾಸ್ಯೆಯ ಸಂಜೆ ಬಾಗಿಲು ಹಾಕಿಕೊಂಡು, ಆವಾಜು ಸಣ್ಣ ಮಾಡಿಕೊಂಡು, ಖಾಲಿ ಪರದೆ ನೋಡಿ ಬೆವತಿದ್ದರು. ಪಾಪಕ್ಕೆ ಅಂಜಿ ಒಬ್ಬನೂ ಸೀತಾರಾಮನ ಬಾಗಿಲಿಗೆ ಬಂದಿರಲಿಲ್ಲ.

ಸೀತಾರಾಮ ಎಲ್ಲರ ಮುಖವನ್ನೂ ಸರದಿಯಲ್ಲಿ ನೋಡಿದ. ದೇವರ ಭಯ ಬಿಟ್ಟು ನೋಡುವ ಗಿರಾಕಿಗಳು ಕ್ರಿಕೆಟ್ಟಿಗೂ ಸಿಕ್ಕಿರಲಿಲ್ಲ ಅವನಿಗೆ.

"ಸರೇ," ಎಂದ. "ಕಂಪ್ಯೂಟರ್ ಪಾಠಾನ ಬೇರೆ ಕಡೆ ತುರುಕ್ತೀನಿ. ನಿಮ್ ಮುದುಕ ಇರ್ಲಿ. ಮುಂದಿನ ಸಲ ಬಂದ್ ಮಾಡೋಕಿಂತ ಮೊದ್ಲು ಪಂಚಾಂಗ ನೋಡ್ತೀನಿ."

ನಳಿನಿ ಚಪ್ಪಾಳೆ ತಟ್ಟಿದಳು. ಬೇರೆ ಯಾರಿಗೂ ಆ ಧೈರ್ಯವಿರಲಿಲ್ಲ, ಎಲ್ಲರೂ ಒಬ್ಬರ ಮುಖ ಒಬ್ಬರು ನೋಡದೆ ಬೇಗ ಬೇಗ ಚದುರಿದರು. ಏಳಾಗಲು ಇನ್ನು ಸ್ವಲ್ಪವೇ ಹೊತ್ತಿತ್ತು.

ಮನೆಯ ಮುಂದೆ ಬಂದಾಗ ಗೊಲ್ಲಾಳಪ್ಪ ಒಳಗೆ ಹೋಗಲಿಲ್ಲ. ಶೆಡ್ಡಿನೊಳಗೆ ನುಗ್ಗಿ, ತನ್ನ ಕೆಲಸದ ಹಲಗೆಯ ಮೇಲಿದ್ದ ಅರ್ಧ ಬಾಗಿಲನ್ನು ಇಳಿಸಿ ಗೋಡೆಗೆ ಆನಿಸಿದ. ಹೊಟ್ಟು ಗುಡಿಸಿದ. ಆಮೇಲೆ ಸೊಸೆಯ ಕಡೆ ನೋಡದೆ, ಗದರುವ ದನಿಯಲ್ಲೇ ಹೇಳಿದ:

"ಹಿತ್ತಲಾಗಿನ ಕುರ್ಚಿ ಇಲ್ಲಿ ತಂದ ಇಡು. ಬಚ್ಚಲದ ತಂಪಿಗೆ ಮರ ಕೆಡತೈತಿ. ಮೊದಲ ನೀ ಹೋಗಿ ಟಿವಿ ಹಚ್ಚು, ತೋಳು ಹ್ಯಾಂಗ ಕೂಡಸ್ತಾನ ಸರಿಯಾಗಿ ನೋಡಿಟ್ಟುಕೋ. ನನಗ ಆ ಜೋಡಣಿ ಬರಂಗಿಲ್ಲ."

ಸುವರ್ಣಾ ಹೂಂ ಎಂದು ಒಳಗೆ ಹೋಗಿ ಟಿವಿ ಹಚ್ಚಿದಳು.