ಟಕ್ ಅನ್ನುವ ಗೇರ್

"ಗೇರ್‌ಗೆ ಏನೂ ಆಗಿಲ್ರಿ ಕಾಕಾ. ಬಸ್‌ಸ್ಟ್ಯಾಂಡ್ ತನಕ ಹೊಡದು ಬಂದೀನಿ, ಭಾಳ ಚಲೋ ಬೀಳಾಕತ್ತಾವ," ಎಂದು ಇಮ್ರಾನ್ ತನ್ನ ರಿಪೇರಿ ಅಂಗಡಿ ಮುಂದೆ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದ.

"ನನ್ನ ಕೈಯಾಗ ಬೀಳವಲ್ವು ನೋಡು," ಎಂದ ಭೀಮಶ್ಯಾ.

ಭೀಮಶ್ಯಾನದು ಇಪ್ಪತ್ತು ವರ್ಷದ ಸೈಕಲ್ಲು. ಅದರ ಗೇರ್ ಲಿವರಿಗೆ ಗೊತ್ತಾದ ಹಂತಗಳಿಲ್ಲ. ಎಷ್ಟು ತಳ್ಳಿದರೆ ಸರಪಳಿ ಎಲ್ಲಿ ಕೂರುತ್ತದೆಂದು ಹೆಬ್ಬೆರಳೇ ಅರಿಯಬೇಕು. ಇಷ್ಟು ವರ್ಷ ಅರಿತಿತ್ತು ಕೂಡ. ಸಿಮೆಂಟ್ ಕಾರ್ಖಾನೆಯ ಏರಿನಲ್ಲಿ ಜೊತೆಯವರು ಇಳಿದು ತಳ್ಳುವಾಗ ಇವನು ಕೂತೇ ಏರುತ್ತಿದ್ದ, ಆ ಜಂಬ ಸೇಡಂ ಊರಿನ ಅರ್ಧ ಮಂದಿಗೆ ಗೊತ್ತು. ಈಚೆಗೆ ಸರಪಳಿ ಮನಸ್ಸಿಗೆ ಬಂದಲ್ಲಿ ಹಾರುತ್ತಿತ್ತು.

ಭೀಮಶ್ಯಾ ಆ ಕಾರ್ಖಾನೆಯಲ್ಲಿ ಕಲ್ಲು ಎತ್ತಿ ತುಂಬುವ ಲೋಡರಿನ ಚಾಲಕ. ಕಣ್ಣು ಮುಂದಿನ ಬಕೆಟ್ ಮೇಲೆ, ಕೈ ಲಿವರ್ ಮೇಲೆ. ಕೈ ನೋಡುತ್ತ ಕೂತರೆ ಆ ಕೆಲಸ ಆಗದು. ಮೊನ್ನೆ ಕಲ್ಲು ತುಂಬಿದ ಬಕೆಟ್ ಹೇಳದೆ ಕೇಳದೆ ಇಳಿದು, ಹೆಲ್ಪರ್ ಸಂಗಮೇಶ್ವರನ ಕಾಲಿನಿಂದ ಗೇಣು ದೂರದಲ್ಲಿ ಬಿತ್ತು. ಲೋಡರಿನ ಲಿವರ್ ಕೆಟ್ಟಿದೆ ಎಂದು ದೂರು ಬರೆಸಿದ. ದಿನವಿಡೀ ಬಿಚ್ಚಿ ನೋಡಿದರೂ ಮೆಕ್ಯಾನಿಕ್‌ಗಳಿಗೆ ಏನೂ ಸಿಗಲಿಲ್ಲ. ಪಾದದ ಜೋಮು ಕೈಗೂ ಏರಿದೆಯೇ ಎಂದು ಸಕ್ಕರೆ ಕಾಯಿಲೆಯ ಡಾಕ್ಟರು ಹೋದ ವರ್ಷವೇ ಕೇಳಿದ್ದರು, ಇಲ್ಲ ಎಂದಿದ್ದ. ಹೆದರಿಕೆ ಆಗಬೇಕಿತ್ತು. ಅದೂ ಆಗುತ್ತಿರಲಿಲ್ಲ.

"ಹಂಗಿದ್ರ ಟಕ್ ಅನ್ನೋ ಗೇರ್ ಹಾಕ್ತೀನ್ರಿ. ಒಂದು ಒತ್ತಿಗಿ ಒಂದು ಗೇರ್, ಅಂದಾಜು ಮಾಡೋದೇ ಬ್ಯಾಡ."

ಗಂಟೆಯೊಳಗೆ ಹೊಸ ಲಿವರ್ ಕೂತಿತು. ಇಮ್ರಾನ್ ಹಿಂದಿನ ಗಾಲಿ ಎತ್ತಿ ಪೆಡಲ್ ತಿರುಗಿಸಿದ. ಭೀಮಶ್ಯಾ ಎದುರಿನ ಗೋಡೆ ನೋಡುತ್ತ ಒತ್ತಿದ. ಟಕ್. ಟಕ್. ಟಕ್.

"ಮೂರು."

"ಕರೆಕ್ಟ್ ನೋಡ್ರಿ! ಇನ್ನೇನ್ ಬೇಕು?"

ಕೆಟ್ಟಿದ್ದು ಕೈಯಲ್ಲ, ಲಿವರೇ ಅನ್ನಿಸಿತು. ಮಧ್ಯಾಹ್ನ ಎರಡರ ಪಾಳಿಗೆ ನೆಮ್ಮದಿಯಿಂದ ಹೋಗಬಹುದು.

ಅಷ್ಟರಲ್ಲಿ ಪಕ್ಕದ ವೆಲ್ಡಿಂಗ್ ಅಂಗಡಿಯ ಗ್ರೈಂಡರ್ ಕಿರ್ರೆಂದು ಶುರುವಾಗಿ ಬೇರೆ ಸದ್ದೇ ಕೇಳದಾಯಿತು. ಭೀಮಶ್ಯಾ ಗೋಡೆ ನೋಡುತ್ತಲೇ ಮತ್ತೆ ಒತ್ತಿದ, ಇನ್ನೊಮ್ಮೆ ಒತ್ತಿದ.

"ಎಷ್ಟಾತ್ರಿ?" ಇಮ್ರಾನ್ ಕೂಗಿದ.

"ಎರಡು!"

ಇಮ್ರಾನ್ ಪೆಡಲ್ ನಿಲ್ಲಿಸಿದ. ಸರಪಳಿ ಇದ್ದಲ್ಲೇ ಇತ್ತು. ಭೀಮಶ್ಯಾ ತಲೆ ಬಗ್ಗಿಸಿ ನೋಡಿದ. ಹೆಬ್ಬೆರಳು ಲಿವರಿನ ಮೇಲೆ ಇರಲೇ ಇಲ್ಲ. ಪಕ್ಕದ ರಬ್ಬರ್ ಹಿಡಿಯನ್ನು ಉಗುರು ಬೆಳ್ಳಗಾಗುವಷ್ಟು ಒತ್ತುತ್ತಿತ್ತು.

ಗ್ರೈಂಡರ್ ನಿಂತಿತು. ಭೀಮಶ್ಯಾ ಎಡಗೈಯಿಂದ ಮೊಬೈಲ್ ತೆಗೆದು ಇಮ್ರಾನ್‌ಗೆ ಕೊಟ್ಟ.

"ಶಿಫ್ಟ್ ಸಾಹೇಬ್ರಿಗಿ ಹಚ್ಚು. ಇವತ್ತ ನಾ ಲೋಡರ್ ಹತ್ತಂಗಿಲ್ಲ ಅಂತ ಹೇಳು."

ಆಮೇಲೆ ಅದೇ ಎಡಗೈಯಿಂದ ಬಲ ಹೆಬ್ಬೆರಳನ್ನು ಹಿಡಿದು, ರಬ್ಬರಿನ ಮೇಲಿಂದ ಎತ್ತಿದ.