ಮೂರನೆಯವನ ‘ಕನ್ಕರ್’

“ಒಂದೇ ಪದ ತಾನೇ, ಹ್ಯೂ. ಅಂದ್ಬಿಡು, ಊಟಕ್ಕೆ ಹೋಗೋಣ,” ಎಂದ ಡೆಸ್ಮಂಡ್, ಕಪ್ಪು ನಿಲುವಂಗಿಯ ಕೊರಳಪಟ್ಟಿ ಸರಿಪಡಿಸಿಕೊಳ್ಳುತ್ತ.

ಲಂಡನ್ನಿನ ಆ ಮೇಲ್ಮನವಿ ನ್ಯಾಯಾಲಯದಲ್ಲಿ ಪೀಠಕ್ಕೆ ಮೂವರು. ಹಿರಿಯ ಡೆಸ್ಮಂಡ್ ತೀರ್ಪು ಓದುತ್ತಾನೆ. ರೋಸಲಿಂಡ್ ‘ಐ ಕನ್ಕರ್’ ಎನ್ನುತ್ತಾಳೆ. ಕೊನೆಗೆ ಹ್ಯೂ ಪ್ರಾಥರೋ, ಅದನ್ನೇ. ಬರೀ ‘ಒಪ್ಪಿದೆ’ ಎಂದರೆ ಸಂತೆಯ ಮಾತಾಗುತ್ತದೆ. ‘ಕನ್ಕರ್’ ಎಂದರೆ ಯೋಚಿಸಿ ಒಪ್ಪಿದಂತೆ ಕೇಳಿಸುತ್ತದೆ. ವರ್ಷಗಟ್ಟಲೆ ಅವನು ಯೋಚಿಸದೆಯೇ ಹೇಳಿದ್ದ. ಲ್ಯಾಟಿನ್ನಿನಲ್ಲಿ ಅದರ ಮೂಲಾರ್ಥ ‘ಕೂಡಿ ಓಡು’ ಎಂದು ಶಾಲೆಯಲ್ಲೇ ಕಲಿತಿದ್ದ. ಎತ್ತ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಇವತ್ತಿನದು ಡೋರೀನ್ ಪಾಸ್ಕ್ ಎಂಬವಳ ಮನೆಯ ಪ್ರಕರಣ. ಪುರಸಭೆಯ ಬಾಡಿಗೆ ಮನೆ, ತಾಯಿಯ ಹೆಸರಿನಲ್ಲಿತ್ತು. ಕಾನೂನಿನ ಪ್ರಕಾರ ತಾಯಿ ಸತ್ತರೆ, ಜೊತೆಗೆ ವಾಸವಿದ್ದ ಮಗಳಿಗೆ ಮನೆ ಉಳಿಯಬೇಕು. ಆದರೆ ತಾಯಿಯ ಕೊನೆಯ ಚಳಿಗಾಲವಿಡೀ ಡೋರೀನ್ ಆಸ್ಪತ್ರೆಯಲ್ಲಿ, ತಾಯಿಯ ಹಾಸಿಗೆಯ ಪಕ್ಕದ ಕುರ್ಚಿಯಲ್ಲಿ ಮಲಗಿದ್ದಳು. ಹಾಗಾಗಿ ಅವಳು ಮನೆಯಲ್ಲಿ ವಾಸವಿರಲಿಲ್ಲ ಎಂಬುದು ಡೆಸ್ಮಂಡನ ತರ್ಕ.

“ಕುರ್ಚೀಲಿ ಮಲಗಿದ್ರೆ ಕುರ್ಚೀನೇ ಮನೆ ಆಗುತ್ತಾ?” ಹ್ಯೂ ಕೇಳಿದ.

“ನಾವು ಇಬ್ಬರು, ನೀನು ಒಬ್ಬ,” ರೋಸಲಿಂಡ್ ನಕ್ಕಳು. “ಸುಮ್ನೆ ಯಾಕೆ?”

ಹ್ಯೂ ಕಡತ ಎತ್ತಿಕೊಂಡ. ಮೂವರೂ ಪೀಠಕ್ಕೆ ನಡೆದರು.

ಡೆಸ್ಮಂಡ್ ಓದಿ ಮುಗಿಸಿದ. ರೋಸಲಿಂಡ್ ಕನ್ಕರ್ ಎಂದಳು. ಹ್ಯೂ ಬಾಯಿ ತೆರೆದ. ನಾಲಗೆಯ ಬುಡ ರೂಢಿಯಂತೆ ಆ ‘ಕ’ಕಾರಕ್ಕೆ ಸಿದ್ಧವಾಗಿತ್ತು. ಹಿಂದಿನ ಬೆಂಚಿನಲ್ಲಿದ್ದ ಡೋರೀನ್ ಅವನತ್ತ ನೋಡುತ್ತಲೂ ಇರಲಿಲ್ಲ. ಆಗಲೇ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು.

ಅದೇ ಅವನನ್ನು ಕೆರಳಿಸಿತು.

“ನಾನು ಒಪ್ಪಲ್ಲ,” ಎಂದ.

ಕಾರಣ ಹೇಳಿದ. ಡೆಸ್ಮಂಡ್ ಗಡಿಯಾರ ನೋಡಿದ. ಹ್ಯೂ ಇನ್ನಷ್ಟು ನಿಧಾನವಾಗಿ ಹೇಳಿದ.

ಇಬ್ಬರ ಮಾತೇ ತೀರ್ಪಾಯಿತು. ಡೋರೀನ್ ಎದ್ದು ತನ್ನ ವಕೀಲನನ್ನು ಜೋರಾಗಿಯೇ ಕೇಳಿದಳು: “ಆ ಕೊನೇಲಿರೋರು ಏನೋ ಅಂದ್ರಲ್ಲ. ಮನೆ ಸಿಕ್ತಾ?”

“ಇಲ್ಲಮ್ಮ.”

“ಮತ್ತೆ ಅವರು ಹೇಳಿದ್ದು?”

“ಅದು ದಾಖಲೆಗೆ.”

ನ್ಯಾಯಾಧೀಶರ ಕಾರಿಡಾರಿನಲ್ಲಿ ಲಿಫ್ಟ್ ಬಂದಿತ್ತು. ರೋಸಲಿಂಡ್ ಒಳಗಿದ್ದಳು. ಡೆಸ್ಮಂಡ್ ಬಾಗಿಲಿಗೆ ಕೈ ಅಡ್ಡ ಹಿಡಿದಿದ್ದ.

“ಬಾರಯ್ಯ, ಕೋಪ ಏನಿಲ್ಲ. ಮುಂದಿನ ವಾರ ಸರಿಹೋಗ್ತೀಯ.”

“ಮುಂದಿನ ವಾರಾನೂ ಆ ಪದ ಹೇಳಲ್ಲ.”

“ಯಾವುದಕ್ಕೂ?”

“ಕೇಳಿ ನೋಡು.”

ಡೆಸ್ಮಂಡ್ ಕೈ ತೆಗೆದ. ಹ್ಯೂ ಹೊರಗೇ ನಿಂತ. ಉಕ್ಕಿನ ಎರಡು ಬಾಗಿಲು ಎರಡೂ ಕಡೆಯಿಂದ ಬಂದವು, ಒಂದೊಂದರಲ್ಲೂ ಹ್ಯೂನ ಅರ್ಧ ಮುಖದ ಪ್ರತಿಬಿಂಬ. ಸದ್ದಿಲ್ಲದೆ ಕೂಡಿಕೊಂಡವು. ನಡುವೆ, ಬಾಯಿಯನ್ನು ಸೀಳಿಕೊಂಡು, ಒಂದು ಕಪ್ಪು ಗೆರೆ ಉಳಿಯಿತು.